ಊಟಕ್ಕೆ ಕೂತರೆ ಊದುವ ದವಡೆ: ಯಾವ ಸ್ಕ್ಯಾನ್ ಮಾಡಿಸಬೇಕು?

ಪ್ರಶ್ನೆ: ನನಗೆ 42 ವರ್ಷ. ಮೂರು ತಿಂಗಳಿಂದ ಊಟಕ್ಕೆ ಕೂತ ಐದು ನಿಮಿಷಕ್ಕೆ ಬಲಗಡೆ ದವಡೆಯ ಕೆಳಗೆ ಊದಿಕೊಳ್ಳುತ್ತದೆ, ಬಿಗಿದು ನೋಯುತ್ತದೆ. ಒಂದೆರಡು ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ಅಲ್ಟ್ರಾಸೌಂಡ್ ಮಾಡಿಸಿದೆ. ‘ಜೊಲ್ಲು ಗ್ರಂಥಿ ಸ್ವಲ್ಪ ದಪ್ಪಗಾಗಿದೆ, ಕಲ್ಲು ಕಾಣಿಸಲಿಲ್ಲ’ ಎಂದು ರಿಪೋರ್ಟ್ ಬಂತು. ಒಬ್ಬ ವೈದ್ಯರು ಸಿ.ಟಿ. ಮಾಡಿಸಿ ಅಂದರು, ಇನ್ನೊಬ್ಬರು ನೇರವಾಗಿ ಎಂ.ಆರ್.ಐ. ಮಾಡಿಸುವುದೇ ಒಳ್ಳೆಯದು ಅಂದರು. ಯಾವುದು ಸರಿ? ಕ್ಯಾನ್ಸರ್ ಇರಬಹುದೇ? ಸಿ.ಟಿ.ಯ ವಿಕಿರಣದ ಭಯವೂ ಇದೆ. ನಮ್ಮ ತಾಯಿಗೆ 68 ವರ್ಷ. ಅವರಿಗೆ ಒಂದು ವರ್ಷದಿಂದ ಬಾಯಿ ಒಣಗುತ್ತದೆ. ಅವರಿಗೂ ಇದೇ ಸ್ಕ್ಯಾನ್ ಮಾಡಿಸಬಹುದೇ?

ಉತ್ತರ: ನನಗೆ ಬೇಕಾದ ಮಾತು ನಿಮ್ಮ ಪತ್ರದ ಶುರುವಿನಲ್ಲೇ ಸಿಕ್ಕಿತು: ‘ಊಟಕ್ಕೆ ಕೂತ ಐದು ನಿಮಿಷಕ್ಕೆ’. ನಮ್ಮ ಸ್ಕ್ಯಾನಿಂಗ್ ಕೋಣೆಗೆ ಬರುವ ಚೀಟಿಗಳಲ್ಲಿ ಸಾಮಾನ್ಯವಾಗಿ ‘ಕತ್ತಿನ ಊತ’ ಎಂದಷ್ಟೇ ಬರೆದಿರುತ್ತದೆ. ಊದುವುದು ಯಾವಾಗ, ಇಳಿಯುವುದು ಯಾವಾಗ ಎಂಬುದು ಅದರಲ್ಲಿ ಇರುವುದೇ ಇಲ್ಲ. ನಿಮ್ಮ ಚೀಟಿಯಲ್ಲಿ ಆ ಒಂದು ಸಾಲು ಇದ್ದಿದ್ದರೆ ಅಲ್ಟ್ರಾಸೌಂಡ್ ಮಾಡಿದವರು ಬಹುಶಃ ಇನ್ನೂ ಹತ್ತು ನಿಮಿಷ ಹುಡುಕುತ್ತಿದ್ದರು.

ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಎಂ.ಆರ್.ಐ. ಸದ್ಯಕ್ಕೆ ಬೇಡ. ಸಾಧ್ಯವಾದರೆ ಅಲ್ಟ್ರಾಸೌಂಡನ್ನೇ ಇನ್ನೊಮ್ಮೆ, ಕೆಳಗೆ ಹೇಳುವ ರೀತಿಯಲ್ಲಿ ಮಾಡಿಸಿ. ಅದರಲ್ಲೂ ಏನೂ ಸಿಗದಿದ್ದರೆ ಸಿ.ಟಿ., ಅದೂ ರಕ್ತನಾಳಕ್ಕೆ ಔಷಧಿ ಚುಚ್ಚದ ಸಾದಾ ಸಿ.ಟಿ. ಸಾಕು. ನಿಮಗೆ ಸಿ.ಟಿ. ಹೇಳಿದ ವೈದ್ಯರ ಪರ ನಾನಿದ್ದೇನೆ. ಎಂ.ಆರ್.ಐ. ಹೇಳಿದವರೂ ತಪ್ಪು ಹೇಳಿಲ್ಲ, ಅವರ ಮನಸ್ಸಿನಲ್ಲಿದ್ದ ಅನುಮಾನ ಬೇರೆ, ಅಷ್ಟೇ.

ಯಾಕೆ ಎಂದು ತಿಳಿಯಲು ಊತ ಎಲ್ಲಿಂದ ಬರುತ್ತದೆ ನೋಡೋಣ. ನಮಗೆ ಮೂರು ಜೋಡಿ ದೊಡ್ಡ ಜೊಲ್ಲು ಗ್ರಂಥಿಗಳಿವೆ. ಕಿವಿಯ ಮುಂದೆ ಕೆನ್ನೆಯಲ್ಲಿ ಇರುವುದು ಪೆರೋಟಿಡ್. ದವಡೆ ಮೂಳೆಯ ಕೆಳಗಿನದು ಸಬ್‌ಮ್ಯಾಂಡಿಬ್ಯುಲರ್. ನಾಲಗೆಯ ಅಡಿಯಲ್ಲಿರುವುದು ಸಬ್‌ಲಿಂಗ್ವಲ್. ತುಟಿ, ಕೆನ್ನೆ, ಅಂಗುಳಗಳ ಒಳಪದರದಲ್ಲಿ 600ರಿಂದ 1000ದಷ್ಟು ಪುಟಾಣಿ ಗ್ರಂಥಿಗಳು ಬೇರೆ. ಎಲ್ಲ ಸೇರಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಸುರಿಸುತ್ತವೆ.

ನೀವು ಕೈ ಇಟ್ಟು ತೋರಿಸುವ ಜಾಗ ಎರಡನೆಯದರದ್ದು. ಅದರ ನಾಳ ಸುಮಾರು 5 ಸೆಂ.ಮೀ. ಉದ್ದ. ಇಂಗ್ಲೆಂಡಿನ ವೈದ್ಯ ಥಾಮಸ್ ವಾರ್ಟನ್ 1656ರಲ್ಲಿ ಅದನ್ನು ವರ್ಣಿಸಿದ್ದರಿಂದ ಇವತ್ತಿಗೂ ವಾರ್ಟನ್ ನಾಳ ಎಂದೇ ಕರೆಯುತ್ತೇವೆ. ನಿಮ್ಮ ರಿಪೋರ್ಟಿನಲ್ಲೂ ಆ ಹೆಸರು ಇರಬಹುದು. ಈ ನಾಳದ ಹಣೆಬರಹವೇ ಸ್ವಲ್ಪ ಕೆಟ್ಟದ್ದು. ಗ್ರಂಥಿ ಕೆಳಗೆ, ಬಾಯಿಗೆ ತೆರೆಯುವ ರಂಧ್ರ ಮೇಲೆ. ಹಾಗಾಗಿ ಜೊಲ್ಲು ಏರುಮುಖವಾಗಿ ಹರಿಯಬೇಕು. ಬಾಯಿಯ ತಳದಲ್ಲಿರುವ ಒಂದು ಸ್ನಾಯುವಿನ ಹಿಂದಿನ ಅಂಚನ್ನು ಬಳಸಿಕೊಂಡು ಹೋಗುವಾಗ ನಾಳ ಮೊಣಕೈಯಂತೆ ಬಾಗುತ್ತದೆ. ಕೊನೆಗೆ ತೆರೆಯುವ ರಂಧ್ರವೋ, ನಾಳದಲ್ಲೇ ಅತಿ ಕಿರಿದಾದ ಜಾಗ. ಸಾಲದ್ದಕ್ಕೆ ಈ ಗ್ರಂಥಿಯ ಜೊಲ್ಲು ಪೆರೋಟಿಡ್‌ನದಕ್ಕಿಂತ ಮಂದ, ಅದರಲ್ಲಿ ಕ್ಯಾಲ್ಸಿಯಂ ಹೆಚ್ಚು. ಜೊಲ್ಲು ಗ್ರಂಥಿಗಳ ಕಲ್ಲುಗಳಲ್ಲಿ ಐದಕ್ಕೆ ನಾಲ್ಕು ಇಲ್ಲೇ ಹುಟ್ಟುವುದಕ್ಕೆ ಇಷ್ಟು ಕಾರಣ ಸಾಕು.

ಅನ್ನದ ವಾಸನೆ ಮೂಗಿಗೆ ಬಡಿದರೆ ಸಾಕು, ಗ್ರಂಥಿ ಜೊಲ್ಲು ಸುರಿಸಲು ಶುರು. ನಾಳದಲ್ಲಿ ತಡೆ ಇದ್ದರೆ ಅದು ಹಿಂದಕ್ಕೆ ಒತ್ತುತ್ತದೆ, ಗ್ರಂಥಿ ಬಿಗಿಯುತ್ತದೆ, ನೋಯುತ್ತದೆ. ಊಟ ಮುಗಿದ ಮೇಲೆ ಕಲ್ಲಿನ ಪಕ್ಕದ ಸಂದಿಯಲ್ಲಿ ಜಿನುಗಿ ಜಿನುಗಿ ಇಳಿಯುತ್ತದೆ. ನೀವು ಬರೆದದ್ದು ಅಕ್ಷರಶಃ ಇದೇ ಕತೆ. ಕ್ಯಾನ್ಸರಿನ ಗಡ್ಡೆಗೆ ಊಟದ ಹೊತ್ತು ಗೊತ್ತಿರುವುದಿಲ್ಲ. ಅದು ಬಂದರೆ ಬಂದಲ್ಲೇ ಇರುತ್ತದೆ, ಬೆಳಿಗ್ಗೆ ಮುಟ್ಟಿದರೂ ಸಿಗುತ್ತದೆ, ರಾತ್ರಿ ಮುಟ್ಟಿದರೂ ಸಿಗುತ್ತದೆ. ಗಡ್ಡೆಯೊಂದು ನಾಳವನ್ನು ಅದುಮಿ ಹೀಗೇ ಊತ ತರುವುದು ಇಲ್ಲವೇ ಇಲ್ಲ ಎನ್ನಲಾರೆ, ಆದರೆ ಅಪರೂಪ. ಹೇಗೂ ಮುಂದೆ ಮಾಡಿಸುವ ಸ್ಕ್ಯಾನ್ ಅದನ್ನೂ ನೋಡಿಕೊಳ್ಳುತ್ತದೆ.

ಹಾಗಾದರೆ ಕಲ್ಲು ಯಾಕೆ ಕಾಣಲಿಲ್ಲ? ‘ಕಾಣಿಸಲಿಲ್ಲ’ ಎಂದರೆ ‘ಇಲ್ಲ’ ಎಂದಲ್ಲ. ಈ ಎರಡು ಪದಗಳ ನಡುವಿನ ವ್ಯತ್ಯಾಸಕ್ಕಾಗಿ ನನ್ನ ವೃತ್ತಿಯಲ್ಲಿ ಎಷ್ಟು ವಾದ ಮಾಡಿದ್ದೇನೋ ಲೆಕ್ಕವಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಕಲ್ಲು ಒಂದು ಹೊಳೆಯುವ ಬಿಳಿ ಗೆರೆಯಾಗಿ ಕಾಣುತ್ತದೆ. ಶಬ್ದತರಂಗ ಅದನ್ನು ದಾಟಿ ಹೋಗುವುದಿಲ್ಲವಾದ್ದರಿಂದ ಗೆರೆಯ ಹಿಂದೆ ಕಪ್ಪು ನೆರಳು ಬೀಳುತ್ತದೆ. ಬಿಳಿ ಗೆರೆ, ಹಿಂದೆ ಕಪ್ಪು ಪಟ್ಟಿ, ಈ ಜೋಡಿ ಸಿಕ್ಕರೆ ಕಲ್ಲು ಸಿಕ್ಕಿತು. ಆದರೆ ಕಲ್ಲು 2–3 ಮಿ.ಮೀ.ಗಿಂತ ಚಿಕ್ಕದಾದರೆ ನೆರಳು ಬೀಳದೇ ಹೋಗಬಹುದು. ನೆರಳಿಲ್ಲದ ಬಿಳಿ ಚುಕ್ಕೆ ಜೊಲ್ಲಿನೊಳಗಿನ ಗಾಳಿಗುಳ್ಳೆಯೂ ಆಗಿರಬಹುದು. ಇನ್ನು ಕಲ್ಲು ಬಾಯಿಯ ಮುಂಭಾಗದಲ್ಲಿ, ನಾಲಗೆಯ ಅಡಿಯ ರಂಧ್ರದ ಹತ್ತಿರ ಸಿಕ್ಕಿಕೊಂಡಿದ್ದರೆ ಅಲ್ಲಿಗೆ ಪ್ರೋಬ್ (ಚರ್ಮದ ಮೇಲೆ ಆಡಿಸುವ ಅಲ್ಟ್ರಾಸೌಂಡ್ ಹಿಡಿ) ತಲುಪಿಸುವುದೇ ಕಷ್ಟ, ದವಡೆ ಮೂಳೆ ಅಡ್ಡ ಬರುತ್ತದೆ. ಗ್ರಂಥಿಯನ್ನು ಮಾತ್ರ ನೋಡಿ, ನಾಳದ ಹಾದಿಯನ್ನು ಕೊನೆತನಕ ಹಿಂಬಾಲಿಸದೆ ಎದ್ದುಬಿಟ್ಟರೆ ಕಲ್ಲು ತಪ್ಪಿಹೋಗುವುದು ಸಹಜ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬರಿಗೆ ಎರಡು ಸಲ ಅಲ್ಟ್ರಾಸೌಂಡ್ ಮಾಡಿ ಎರಡು ಸಲವೂ ‘ಕಲ್ಲು ಇಲ್ಲ’ ಎಂದು ಬರೆದೆ. ಅವರನ್ನು ನೋಡುತ್ತಿದ್ದ ಹಿರಿಯ ಸರ್ಜನ್ ನನ್ನನ್ನು ಕರೆಸಿ, ಕೈಗವಸು ಹಾಕಿಕೊಂಡು ರೋಗಿಯ ನಾಲಗೆಯ ಅಡಿ ಬೆರಳಿಟ್ಟು, ‘ಬಾ, ನೀನೂ ಮುಟ್ಟು’ ಎಂದರು. ಅಕ್ಕಿಕಾಳಿನಷ್ಟು ಗಟ್ಟಿ ವಸ್ತು ಬೆರಳಿನಡಿ ಜಾರಿತು. ಅವತ್ತಿನಿಂದ ನನ್ನ ಅಲ್ಟ್ರಾಸೌಂಡ್ ಶುರುವಾಗುವುದು ಬೆರಳಿನಿಂದ.

ಈಗ ನಾನು ಹೇಗೆ ಮಾಡುತ್ತೇನೆ ಹೇಳುತ್ತೇನೆ, ನೀವು ಎರಡನೇ ಸಲ ಹೋಗುವಾಗ ಕೇಳಲು ಅನುಕೂಲವಾಗಲಿ. ದಿಂಬನ್ನು ಭುಜದಡಿ ಇಟ್ಟು ಕತ್ತನ್ನು ಸ್ವಲ್ಪ ಹಿಂದಕ್ಕೆ ಚಾಚಿಸುತ್ತೇನೆ. ಹೊಟ್ಟೆ ನೋಡುವ ಬಾಗಿದ ಪ್ರೋಬ್ ಅಲ್ಲ, ಚರ್ಮದ ಹತ್ತಿರದ್ದನ್ನು ಸ್ಪಷ್ಟವಾಗಿ ತೋರಿಸುವ ಚಪ್ಪಟೆ ಮುಖದ ಲೀನಿಯರ್ ಪ್ರೋಬ್ ಬೇಕು, 10 ಮೆಗಾಹರ್ಟ್ಸ್ ಆಸುಪಾಸಿನದು ಅಥವಾ ಅದಕ್ಕಿಂತ ಹೆಚ್ಚಿನದು. ಮೊದಲು ನೋವಿಲ್ಲದ ಕಡೆಯ ಗ್ರಂಥಿ, ಆಮೇಲೆ ನೋವಿನ ಕಡೆಯದು. ಎರಡರ ಹೋಲಿಕೆ ಇಲ್ಲದೆ ‘ಸ್ವಲ್ಪ ದಪ್ಪ’ ಎಂಬ ಮಾತಿಗೆ ಬೆಲೆ ಇಲ್ಲ. ಆರೋಗ್ಯವಾಗಿರುವ ನಾಳ ಸಾಮಾನ್ಯವಾಗಿ ಕಾಣುವುದೇ ಇಲ್ಲ, ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕಂಡಿತೆಂದರೆ ಮುಂದೆ ಎಲ್ಲೋ ತಡೆ ಇದೆ ಎಂದೇ ಅನುಮಾನ.

ಆಮೇಲೆ ನಾಲಗೆಯ ಮೇಲೆ ನಾಲ್ಕು ಹನಿ ನಿಂಬೆರಸ. ಇದು ನನಗೆ ಇವತ್ತಿಗೂ ಬೇಸರ ತರದ ನೋಟ: ಹುಳಿ ತಾಗಿದ ಕೆಲವೇ ಕ್ಷಣಗಳಲ್ಲಿ ಬೂದು ಬಣ್ಣದ ಗ್ರಂಥಿಯೊಳಗಿಂದ ಒಂದು ಕಪ್ಪು ಗೆರೆ ಮೂಡಿ ಅಗಲವಾಗುತ್ತದೆ. ಅದು ಜೊಲ್ಲು ತುಂಬಿಕೊಂಡ ನಾಳ. ಆ ಕಪ್ಪು ಹಾದಿಯನ್ನು ಹಿಡಿದು ಮುಂದಕ್ಕೆ ಹೋದರೆ ಅದು ಎಲ್ಲಿ ತಟಕ್ಕನೆ ನಿಲ್ಲುತ್ತದೋ ಅಲ್ಲೇ ಕಲ್ಲು, ಇಲ್ಲವೇ ಅಲ್ಲೇ ನಾಳ ಕಿರಿದಾಗಿದೆ. ಮುಂಭಾಗ ಸರಿಯಾಗಿ ಕಾಣದಿದ್ದರೆ ಕೈಗವಸಿನ ಬೆರಳನ್ನು ಬಾಯಿಯೊಳಗಿಟ್ಟು ನಾಲಗೆಯ ತಳವನ್ನು ಕೆಳಕ್ಕೆ ಒತ್ತುತ್ತೇನೆ, ಹೊರಗಿನಿಂದ ಪ್ರೋಬ್ ಮೇಲಕ್ಕೆ ಒತ್ತುತ್ತದೆ. ನಡುವೆ ಸಿಕ್ಕಿದ ಕಲ್ಲಿಗೆ ಅಡಗಲು ಜಾಗ ಇರುವುದಿಲ್ಲ. ಈ ಪರೀಕ್ಷೆಗೆ ವಿಕಿರಣವಿಲ್ಲ, ಸೂಜಿಯಿಲ್ಲ. ಆದರೆ ಮಾಡುವವರ ತಾಳ್ಮೆಯ ಮೇಲೆ ಇಷ್ಟು ನಿಂತಿರುವ ಪರೀಕ್ಷೆ ಇನ್ನೊಂದಿಲ್ಲ.

ಎಕ್ಸ್-ರೇ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಫಿಲ್ಮನ್ನು ಹಲ್ಲುಗಳ ನಡುವೆ ಕಚ್ಚಿಸಿ, ಗಲ್ಲದ ಕೆಳಗಿನಿಂದ ತೆಗೆಯುವ ಒಂದು ಹಳೆಯ ಎಕ್ಸ್-ರೇ ಇದೆ. ದಂತವೈದ್ಯರ ಹತ್ತಿರ ಸಿಗುತ್ತದೆ. ದವಡೆ ಗ್ರಂಥಿಯ ಕಲ್ಲುಗಳಲ್ಲಿ ನೂರಕ್ಕೆ ಎಂಬತ್ತರಷ್ಟರಲ್ಲಿ ಎಕ್ಸ್-ರೇಯಲ್ಲಿ ಕಾಣುವಷ್ಟು ಕ್ಯಾಲ್ಸಿಯಂ ಇರುತ್ತದೆ. ಪೆರೋಟಿಡ್ ಕಲ್ಲುಗಳಲ್ಲಿ ಆ ಪ್ರಮಾಣ ಕಡಿಮೆ. ಬೇರೇನೂ ಕೈಗೆಟುಕದಿದ್ದಾಗ ಇದು ಉಪಯೋಗಕ್ಕೆ ಬರುತ್ತದೆ, ಆದರೆ ಕಾಣದಿದ್ದರೆ ಮತ್ತೆ ಅದೇ ಹಾಡು.

ಸಿ.ಟಿ.ಗೆ ಬರೋಣ. ಕಲ್ಲು ಹುಡುಕಲು ಇದಕ್ಕಿಂತ ಚುರುಕಾದ ಯಂತ್ರ ನಮ್ಮಲ್ಲಿಲ್ಲ. ಒಂದು ಮಿ.ಮೀ. ಅಥವಾ ಅದಕ್ಕೂ ತೆಳು ಪದರಗಳಲ್ಲಿ ನೋಡಿದಾಗ, ಅಲ್ಟ್ರಾಸೌಂಡ್‌ಗೆ ಸಿಗದ ಪುಟ್ಟ ಕಲ್ಲೂ ಕತ್ತಲ ಕೋಣೆಯ ದೀಪದಂತೆ ಹೊಳೆಯುತ್ತದೆ. ಸಾದಾ ಸಿ.ಟಿ. ಸಾಕು ಎಂದೆನಲ್ಲ, ಅದಕ್ಕೆ ಕಾರಣವಿದೆ. ಕಾಂಟ್ರಾಸ್ಟ್ ಔಷಧಿ ಚುಚ್ಚಿದರೆ ರಕ್ತನಾಳಗಳೂ ಬೆಳ್ಳಗೆ ಹೊಳೆಯುತ್ತವೆ. ಅಡ್ಡಕ್ಕೆ ಕತ್ತರಿಸಿದ ಪುಟ್ಟ ರಕ್ತನಾಳಕ್ಕೂ ಪುಟ್ಟ ಕಲ್ಲಿಗೂ ಆಗ ವ್ಯತ್ಯಾಸ ಹೇಳುವುದು ಕಷ್ಟ. ಇನ್ನೊಂದು ಕಿರಿಕಿರಿ ಹಲ್ಲಿನ ಲೋಹದ ಫಿಲ್ಲಿಂಗ್. ಅದರಿಂದ ಸೂರ್ಯನ ಕಿರಣದಂತೆ ಬಿಳಿ-ಕಪ್ಪು ಗೆರೆಗಳು ಚಿತ್ರದ ತುಂಬ ಹರಡಿ, ಸರಿಯಾಗಿ ನಾಲಗೆಯ ಅಡಿಯ ಭಾಗವನ್ನೇ ಮುಚ್ಚಿಬಿಡುತ್ತವೆ. ನಿಮಗೆ ಫಿಲ್ಲಿಂಗ್ ಅಥವಾ ಲೋಹದ ಕ್ಯಾಪ್ ಇದ್ದರೆ ಮೊದಲೇ ಹೇಳಿ. ತಲೆಯ ಓರೆ ಬದಲಿಸಿ ಇನ್ನೊಮ್ಮೆ ಆ ಭಾಗವನ್ನಷ್ಟೇ ತೆಗೆದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ.

ಕಾಂಟ್ರಾಸ್ಟ್ ಬೇಕಾಗುವ ಸಂದರ್ಭ ಬೇರೆ. ಊತ ಇಳಿಯದೆ ನಿಂತು, ಜ್ವರ ಬಂದು, ಚರ್ಮ ಕೆಂಪಾಗಿ, ನಾಲಗೆಯಡಿ ಒತ್ತಿದರೆ ಕೀವು ಬರುವಂತಾದರೆ ಒಳಗೆ ಕೀವು ಕಟ್ಟಿದೆಯೇ, ಎಷ್ಟು ಆಳಕ್ಕೆ ಹೋಗಿದೆ ಎಂಬುದೇ ಪ್ರಶ್ನೆ. ಆಗ ಔಷಧಿ ಚುಚ್ಚಿಯೇ ನೋಡಬೇಕು. ಬಾಯಿ ತೆರೆಯಲಾಗದಿದ್ದರೆ, ನುಂಗಲು ಅಥವಾ ಉಸಿರಾಡಲು ತೊಂದರೆಯಾದರೆ, ನಾಲಗೆಯ ತಳ ಮೇಲಕ್ಕೆ ಉಬ್ಬಿದರೆ ಸ್ಕ್ಯಾನ್ ಯಾವುದೆಂಬ ಚರ್ಚೆ ಬಿಟ್ಟು ತುರ್ತು ಚಿಕಿತ್ಸೆಗೆ ಹೋಗಿ.

ವಿಕಿರಣದ ಭಯಕ್ಕೆ ಅಳತೆಯಲ್ಲೇ ಉತ್ತರಿಸುತ್ತೇನೆ. ಕತ್ತಿನ ಸಿ.ಟಿ. ಒಂದರಿಂದ ದೇಹಕ್ಕೆ ಸೇರುವ ವಿಕಿರಣ ಸುಮಾರು 3 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶಗಳಿಂದ ಒಬ್ಬ ಮನುಷ್ಯ ಯಾವ ಸ್ಕ್ಯಾನೂ ಇಲ್ಲದೆ ವರ್ಷಕ್ಕೆ ಪಡೆಯುವುದು ಜಾಗತಿಕ ಸರಾಸರಿಯಲ್ಲಿ 2.4 ಮಿಲಿಸೀವರ್ಟ್. ಕಲ್ಲು ಹುಡುಕಲು ಕತ್ತನ್ನು ಪೂರ್ತಿ ತೆಗೆಯುವ ಅಗತ್ಯವೂ ಇಲ್ಲ, ದವಡೆಯ ಭಾಗಕ್ಕೆ ಸೀಮಿತಗೊಳಿಸಿ ಕಡಿಮೆ ಡೋಸ್‌ನಲ್ಲಿ ತೆಗೆಯಬಹುದು. 42 ವರ್ಷದವರಿಗೆ, ಕಾರಣ ಇದ್ದು ಮಾಡಿಸುವ ಒಂದು ಸಿ.ಟಿ.ಗೆ ನಾನು ಹಿಂಜರಿಯುವುದಿಲ್ಲ. ಮಕ್ಕಳಿಗೆ, ಗರ್ಭಿಣಿಯರಿಗೆ ಅಲ್ಟ್ರಾಸೌಂಡ್ ಮೊದಲು, ಅದೇ ಎರಡನೆಯದೂ. ದಂತವೈದ್ಯರ ಬಳಿ ಸಿಗುವ ಕೋನ್ ಬೀಮ್ ಸಿ.ಟಿ.ಯೂ ಕಲ್ಲನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಅದು ಗಟ್ಟಿ ವಸ್ತುಗಳ ಯಂತ್ರ, ಮೆತ್ತನೆಯ ಗ್ರಂಥಿಯ ಬಗ್ಗೆ ಹೆಚ್ಚೇನೂ ಹೇಳದು.

ಕಲ್ಲು ಸಿಕ್ಕಿತು ಅಂದುಕೊಳ್ಳಿ. ಆಗ ರಿಪೋರ್ಟಿನಲ್ಲಿ ಎರಡು ವಿಷಯ ಇರಲೇಬೇಕು: ಎಷ್ಟು ದೊಡ್ಡದು, ಎಲ್ಲಿದೆ. ನಾಲಗೆಯಡಿ ಬೆರಳಿಗೆ ಸಿಗುವಷ್ಟು ಮುಂದೆ ಇದ್ದರೆ ಮರಗಟ್ಟಿಸುವ ಸೂಜಿ ಕೊಟ್ಟು ಬಾಯಿಯೊಳಗಿಂದಲೇ ತೆಗೆಯಬಹುದು. ನಾಳದೊಳಗೆ ಸಡಿಲವಾಗಿರುವ 4 ಮಿ.ಮೀ.ಗಿಂತ ಚಿಕ್ಕ ಕಲ್ಲಾದರೆ ಸಿಯಾಲೆಂಡೊಸ್ಕೋಪ್ ಎಂಬ ಸಾಧನವಿದೆ. 1 ಮಿ.ಮೀ. ಆಸುಪಾಸಿನ ದಪ್ಪದ ಕ್ಯಾಮೆರಾ ಕೊಳವೆ ಅದು. ನಾಳದ ರಂಧ್ರದಿಂದಲೇ ಒಳಹೊಕ್ಕು, ತಂತಿಯ ಪುಟ್ಟ ಬುಟ್ಟಿಯಲ್ಲಿ ಕಲ್ಲನ್ನು ಹಿಡಿದು ಎಳೆದು ತರುತ್ತಾರೆ. ದೊಡ್ಡ ಕಲ್ಲನ್ನು ಲೇಸರಿನಿಂದ ಒಡೆಯುವುದೂ ಉಂಟು. ನಾಳ ಬಾಗುವ ಆ ಮೊಣಕೈ ಜಾಗದಲ್ಲಿ ಕೂತ ಕಲ್ಲೇ ಎಲ್ಲರಿಗೂ ತಲೆನೋವು. ಹಿಂದೆಲ್ಲ ಅಂಥ ಕಲ್ಲಿಗೆ ಗ್ರಂಥಿಯನ್ನೇ ತೆಗೆದುಬಿಡುತ್ತಿದ್ದರು. ಈಗ ಅದು ಕೊನೆಯ ದಾರಿ. ಕಲ್ಲು ಹೋದ ಮೇಲೆ ಗ್ರಂಥಿ ಮತ್ತೆ ಚೇತರಿಸಿಕೊಳ್ಳುವುದನ್ನು ಅಲ್ಟ್ರಾಸೌಂಡ್‌ನಲ್ಲಿ ನಾನೇ ಎಷ್ಟೋ ಸಲ ನೋಡಿದ್ದೇನೆ.

ಸಿ.ಟಿ.ಯಲ್ಲೂ ಕಲ್ಲಿಲ್ಲ, ಊತ ಮಾತ್ರ ನಿಂತಿಲ್ಲ ಎಂದಾದರೆ? ಆಗ ನಾಳ ಕಿರಿದಾಗಿರಬಹುದು, ಒಳಗೆ ಲೋಳೆಯ ಗಟ್ಟಿ ಉಂಡೆ ಸಿಕ್ಕಿಕೊಂಡಿರಬಹುದು. ಇಲ್ಲಿ ಬೇಕಾಗುವುದು ನಾಳದ ನಕ್ಷೆ. ಅದಕ್ಕೆ ಹಳೆಯ ದಾರಿ ಸಿಯಾಲೊಗ್ರಫಿ. ನಾಲಗೆಯಡಿಯ ರಂಧ್ರವನ್ನು ನಯವಾದ ಸಲಾಕೆಗಳಿಂದ ಅಗಲಿಸಿ, ಸಣ್ಣ ಕೊಳವೆ ತೂರಿಸಿ, ಒಂದು ಮಿ.ಲೀ. ಆಸುಪಾಸು ಅಯೋಡಿನ್ ದ್ರವ ಬಿಟ್ಟು ಎಕ್ಸ್-ರೇ ತೆಗೆಯುತ್ತಾರೆ. ಆರೋಗ್ಯವಾದ ಗ್ರಂಥಿ ಎಲೆಯುದುರಿದ ಮರದ ರೆಂಬೆಕೊಂಬೆಗಳಂತೆ ಕಾಣುತ್ತದೆ. ಆಮೇಲೆ ಮತ್ತೆ ನಿಂಬೆರಸ. ದ್ರವ ಬೇಗ ಖಾಲಿಯಾದರೆ ಸರಿ, ನಿಂತರೆ ಎಲ್ಲಿ ನಿಂತಿತು ಎಂಬುದೇ ಉತ್ತರ. ಸೋಂಕು ಕೆರಳಿರುವಾಗ ಇದನ್ನು ಮಾಡಬಾರದು, ಒಳಗಿನ ಕೀವನ್ನು ಇನ್ನೂ ಹಿಂದಕ್ಕೆ ನೂಕಿದಂತೆ ಆಗುತ್ತದೆ.

ಕೊಳವೆ ತೂರಿಸದೆ ಇದೇ ನಕ್ಷೆ ತೆಗೆಯುವ ದಾರಿ ಎಂ.ಆರ್. ಸಿಯಾಲೊಗ್ರಫಿ. ಇಲ್ಲಿ ನಿಮ್ಮ ಜೊಲ್ಲೇ ಔಷಧಿ. ನೀರಿನಂಶ ಮಾತ್ರ ಬೆಳ್ಳಗೆ ಹೊಳೆದು ಮಿಕ್ಕದ್ದೆಲ್ಲ ಕಪ್ಪಾಗುವಂತೆ ಯಂತ್ರವನ್ನು ಹೊಂದಿಸಿದರೆ, ಜೊಲ್ಲು ತುಂಬಿದ ನಾಳ ಬಿಳಿ ದಾರದಂತೆ ಮೂಡುತ್ತದೆ. ಕಲ್ಲಿದ್ದರೆ ಆ ದಾರದಲ್ಲೊಂದು ಕಪ್ಪು ಕಂಡಿ. ಸಣ್ಣ ಕೊಂಬೆಗಳು ಹಳೆಯ ವಿಧಾನದಷ್ಟು ಸೂಕ್ಷ್ಮವಾಗಿ ಕಾಣುವುದಿಲ್ಲ. ನನ್ನನ್ನು ಕೇಳಿದರೆ, ಸಿಯಾಲೆಂಡೊಸ್ಕೋಪ್ ಪಳಗಿದ ಕೈ ಹತ್ತಿರದಲ್ಲಿದ್ದರೆ ನಕ್ಷೆಗಾಗಿ ಅಲೆಯುವುದಕ್ಕಿಂತ ಕ್ಯಾಮೆರಾವನ್ನೇ ಒಳಗೆ ಕಳಿಸುವುದು ಮೇಲು. ನೋಡುವುದೂ ಸರಿಪಡಿಸುವುದೂ ಒಂದೇ ಸಲಕ್ಕೆ ಆಗುತ್ತದೆ.

ಹಾಗಾದರೆ ಮಾಮೂಲಿ ಎಂ.ಆರ್.ಐ. ಯಾರಿಗೆ? ಗಡ್ಡೆ ಇರುವವರಿಗೆ. ಬಂದು ಹೋಗುವ ಊತಕ್ಕಲ್ಲ, ಬಂದು ಕೂತ ಗಂಟಿಗೆ. ಕಲ್ಲಿನ ವಿಷಯದಲ್ಲಿ ಎಂ.ಆರ್.ಐ. ಅರೆಕುರುಡು, ಅಲ್ಲಿ ಕ್ಯಾಲ್ಸಿಯಂ ಬೆಳಗುವುದಿಲ್ಲ. ಆದರೆ ಮೆತ್ತನೆಯ ಅಂಗಾಂಶಗಳ ನಡುವೆ ಗೆರೆ ಎಳೆದು ತೋರಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಪೆರೋಟಿಡ್ ಗ್ರಂಥಿಯ ಮಧ್ಯೆ ಮುಖದ ನರ ಹಾದುಹೋಗುತ್ತದೆ. ನಗುವುದು, ಕಣ್ಣು ಮುಚ್ಚುವುದು ಎಲ್ಲ ಆ ನರದ ಕೆಲಸ. ಗಂಟು ನರದ ಹೊರಬದಿಗಿದೆಯೋ ಒಳಬದಿಗಿದೆಯೋ ಎಂಬುದರ ಮೇಲೆ ಆಪರೇಷನ್ನಿನ ಇಡೀ ಲೆಕ್ಕಾಚಾರ ನಿಂತಿದೆ. ದವಡೆ ಮೂಳೆಯ ಹಿಂದಿನ ಆಳದ ಭಾಗ ಅಲ್ಟ್ರಾಸೌಂಡ್‌ಗೆ ಕಾಣುವುದೇ ಇಲ್ಲ. ಕೆಲವು ಕ್ಯಾನ್ಸರುಗಳು ನರದ ಗುಂಟ ತಲೆಬುರುಡೆಯ ಕಡೆಗೆ ತೆವಳುತ್ತವೆ. ಇವನ್ನೆಲ್ಲ ಹೇಳಬಲ್ಲದ್ದು ಎಂ.ಆರ್.ಐ.

ಗಡ್ಡೆ ಎಂದಾಗ ಎದೆ ಒಡೆದುಕೊಳ್ಳಬೇಕಿಲ್ಲ. ನಮ್ಮಲ್ಲಿ ಬಾಯಿಪಾಠವಾಗಿರುವ ಒರಟು ಲೆಕ್ಕವೊಂದಿದೆ: ಜೊಲ್ಲು ಗ್ರಂಥಿಯ ಗಡ್ಡೆಗಳಲ್ಲಿ ಶೇ. 80 ಪೆರೋಟಿಡ್‌ನಲ್ಲಿ, ಅವುಗಳಲ್ಲಿ ಶೇ. 80 ಕ್ಯಾನ್ಸರ್ ಅಲ್ಲದವು. ಗ್ರಂಥಿ ಚಿಕ್ಕದಾದಷ್ಟೂ ಅಲ್ಲಿನ ಗಡ್ಡೆ ಕ್ಯಾನ್ಸರ್ ಆಗಿರುವ ಸಂಭವ ಹೆಚ್ಚು. ಅದಕ್ಕೇ ನಾಲಗೆಯಡಿಯ ಅಥವಾ ಅಂಗುಳಿನ ಗಟ್ಟಿ ಗಂಟನ್ನು ಎಷ್ಟೇ ಸಣ್ಣದಿದ್ದರೂ ನಾವು ಹಗುರವಾಗಿ ನೋಡುವುದಿಲ್ಲ. ಗಂಟು ವಾರಗಳಲ್ಲಿ ಬೆಳೆಯುವುದು, ಬುಡಕ್ಕೆ ಅಂಟಿಕೊಂಡು ಅಲುಗಾಡದಿರುವುದು, ಬಾಯಿ ಸೊಟ್ಟಗಾಗುವುದು ಅಥವಾ ಕಣ್ಣು ಪೂರ್ತಿ ಮುಚ್ಚದಿರುವುದು, ನಾಲಗೆಯ ಒಂದು ಬದಿ ಜೋಮು ಹಿಡಿಯುವುದು, ಇವು ಇದ್ದರೆ ತಡ ಮಾಡುವಂತಿಲ್ಲ. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ.

ಇಷ್ಟೆಲ್ಲ ಹೊಗಳಿದರೂ ಎಂ.ಆರ್.ಐ. ಗಡ್ಡೆಯ ಜಾತಿ ಹೇಳಲಾರದು, ಊಹಿಸುತ್ತದೆ. ಜಾತಿ ಹೇಳುವುದು ಸೂಜಿ. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಲೇ ಗಂಟಿಗೆ ತೆಳು ಸೂಜಿ ಹಾಕಿ ಜೀವಕೋಶಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಅಂಜಿಕೆ ಬಹಳ ಜನರಿಗಿದೆ. ಅಷ್ಟು ತೆಳು ಸೂಜಿಯಿಂದ ಹಾಗಾಗುವುದು ತೀರಾ ವಿರಳ, ಸೂಜಿ ಪರೀಕ್ಷೆ ಬಿಟ್ಟು ಕುರುಡಾಗಿ ಆಪರೇಷನ್ ಮಾಡುವುದೇ ಹೆಚ್ಚು ಅಪಾಯ. ಚುರುಕಾಗಿರುವ ಜೀವಕೋಶಗಳನ್ನು ಹೊಳೆಯಿಸಿ ತೋರಿಸುವ ಪೆಟ್ ಸ್ಕ್ಯಾನ್ ಮಾಡಿಸಿದರೆ ಖಚಿತವಾಗುತ್ತದಲ್ಲ ಎಂದು ಕೇಳುವವರೂ ಇದ್ದಾರೆ. ಆಗುವುದಿಲ್ಲ. ಧೂಮಪಾನಿಗಳಲ್ಲಿ ಹೆಚ್ಚಾಗಿ ಕಾಣುವ ವಾರ್ಥಿನ್ ಎಂಬ ನಿರುಪದ್ರವಿ ಗಡ್ಡೆ ಪೆಟ್‌ನಲ್ಲಿ ಕ್ಯಾನ್ಸರಿನಂತೆಯೇ ಉರಿಯುತ್ತದೆ. ಎಷ್ಟೋ ಜನರ ನಿದ್ದೆಗೆಡಿಸಿದ ಗಡ್ಡೆ ಅದು.

ಪೆಟ್ ಎಂದಾಗ ನೆನಪಾಯಿತು. 2020ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಪ್ರಾಸ್ಟೇಟ್ ಕ್ಯಾನ್ಸರಿಗೆಂದು ಮಾಡುವ ಒಂದು ವಿಶೇಷ ಪೆಟ್ ಸ್ಕ್ಯಾನ್‌ನಲ್ಲಿ ಮೂಗಿನ ಹಿಂದೆ, ಗಂಟಲ ಮೇಲ್ಭಾಗದಲ್ಲಿ ಎರಡು ಕಡೆ ಏನೋ ಹೊಳೆಯುತ್ತಿರುವುದನ್ನು ಗಮನಿಸಿದರು. ಆ ಸ್ಕ್ಯಾನ್‌ನಲ್ಲಿ ಜೊಲ್ಲು ಗ್ರಂಥಿಗಳೂ ಹೊಳೆಯುತ್ತವೆ. ಹೋಲಿಸಿ ನೋಡಿ, ಇದೂ ಜೊಲ್ಲು ಗ್ರಂಥಿಗಳ ಒಂದು ಜೋಡಿ ಎಂದು ಹೇಳಿದರು. ಹೊಸ ಅಂಗವೋ, ಪುಟಾಣಿ ಗ್ರಂಥಿಗಳ ಗುಂಪೋ ಎಂಬ ಜಗಳ ಮುಗಿದಿಲ್ಲ. ನಿಮ್ಮ ದವಡೆಗೂ ಇದಕ್ಕೂ ಸಂಬಂಧವಿಲ್ಲ, ನನಗೆ ಹೇಳುವ ಚಪಲ.

ಇನ್ನು ನಿಮ್ಮ ತಾಯಿಯ ವಿಷಯ. ಅವರಿಗೆ ಇದೇ ಸ್ಕ್ಯಾನ್ ಬೇಡ. ಅವರ ತೊಂದರೆ ನಾಳ ಕಟ್ಟಿದ್ದಲ್ಲ, ಗ್ರಂಥಿಗಳು ಕೆಲಸ ಕಡಿಮೆ ಮಾಡಿದ್ದು. ಸಿ.ಟಿ.ಯಲ್ಲಿ ಅದು ಕಾಣುವುದಿಲ್ಲ. ಮೊದಲು ಅವರು ನುಂಗುವ ಮಾತ್ರೆಗಳ ಪಟ್ಟಿ ವೈದ್ಯರ ಮುಂದಿಡಿ. ಅಲರ್ಜಿ, ಖಿನ್ನತೆ, ಮೂತ್ರದ ಅವಸರ, ರಕ್ತದೊತ್ತಡಗಳಿಗೆ ಕೊಡುವ ಹಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ಆ ವಯಸ್ಸಿನಲ್ಲಿ ಬಾಯಿ ಒಣಗಲು ಇದೇ ಮುಖ್ಯ ಕಾರಣ. ಸಕ್ಕರೆ ಕಾಯಿಲೆಯನ್ನೂ ನೋಡಿಕೊಳ್ಳಬೇಕು. ಹಿಂದೆ ಥೈರಾಯ್ಡ್‌ಗೆ ರೇಡಿಯೊ ಅಯೋಡಿನ್ ಅಥವಾ ಕತ್ತಿಗೆ ರೇಡಿಯೇಷನ್ ಆಗಿದ್ದರೆ ಅದನ್ನು ಮರೆಯದೆ ಹೇಳಬೇಕು, ಗ್ರಂಥಿಗಳು ಅದರಿಂದಲೂ ಬತ್ತುತ್ತವೆ.

ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚುವುದು, ಕೀಲುನೋವು, ಸುಸ್ತು ಜೊತೆಗಿದ್ದರೆ ಶೋಗ್ರೆನ್ ಕಾಯಿಲೆಯ ಬಗ್ಗೆ ಯೋಚಿಸಬೇಕು. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ತಮ್ಮ ಪ್ರಬಂಧದಲ್ಲಿ ವಿವರಿಸಿದ ಕಾಯಿಲೆ ಇದು. ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು, ಜೊಲ್ಲು ಗ್ರಂಥಿಗಳ ಮೇಲೆ ತಿರುಗಿಬೀಳುತ್ತದೆ. ಇದಕ್ಕೆ ರಕ್ತದಲ್ಲಿ ಎಸ್.ಎಸ್.ಎ. ಪ್ರತಿಕಾಯದ ಪರೀಕ್ಷೆ, ಕಣ್ಣಿನ ಪರೀಕ್ಷೆ, ಬೇಕಾದರೆ ಕೆಳತುಟಿಯ ಒಳಗಿಂದ ಪುಟಾಣಿ ಗ್ರಂಥಿಗಳನ್ನು ತೆಗೆದು ನೋಡುವುದು. ಜೊಲ್ಲಿನ ಅಳತೆ ತೀರಾ ಸರಳ: ಸುಮ್ಮನೆ ಕೂತು, ಏನನ್ನೂ ಜಗಿಯದೆ, ಬಾಯಲ್ಲಿ ಬಂದದ್ದನ್ನು ಐದು ನಿಮಿಷ ಅಳತೆಯ ಬಟ್ಟಲಿಗೆ ಉಗುಳುವುದು. ಅರ್ಧ ಮಿ.ಲೀ. ಅಥವಾ ಅದಕ್ಕೂ ಕಡಿಮೆ ಬಂದರೆ ಜೊಲ್ಲು ನಿಜಕ್ಕೂ ಕಡಿಮೆಯಾಗಿದೆ ಎಂದರ್ಥ. ಶೋಗ್ರೆನ್ ಗುರುತಿಸಲು ಜಗತ್ತಿನೆಲ್ಲೆಡೆ ಬಳಸುವ 2016ರ ಮಾನದಂಡದಲ್ಲಿ ಈ ಬಟ್ಟಲಿನ ಪರೀಕ್ಷೆಗೆ ಅಂಕವಿದೆ, ಯಾವ ಸ್ಕ್ಯಾನಿಗೂ ಇಲ್ಲ!

ಸ್ಕ್ಯಾನ್ ಮಾಡುವವನಾಗಿ ನನಗೆ ಇದು ಸ್ವಲ್ಪ ಚುಚ್ಚುತ್ತದೆ. ಯಾಕೆಂದರೆ ಶೋಗ್ರೆನ್ ಇದ್ದಾಗ ಅಲ್ಟ್ರಾಸೌಂಡ್‌ನಲ್ಲಿ ಗ್ರಂಥಿಯ ಚಿತ್ರ ಮರೆಯುವಂಥದ್ದಲ್ಲ. ನಯವಾದ ಬೂದು ಬಣ್ಣ ಹೋಗಿ, ಹುಳು ತಿಂದ ಎಲೆಯಂತೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು ಪೆರೋಟಿಡ್, ಸಬ್‌ಮ್ಯಾಂಡಿಬ್ಯುಲರ್ ಜೋಡಿಗಳ ನಾಲ್ಕೂ ಗ್ರಂಥಿಗಳ ತುಂಬ ಇರುತ್ತವೆ. ಹಾಗಾಗಿ ರೋಗ ನಿರ್ಧಾರಕ್ಕೆ ನೆರವಾಗಿ ಬಹಳ ಕಡೆ ಇದನ್ನು ಮಾಡಿಸುತ್ತಾರೆ, ಮಾಡಿಸಿದರೆ ನಷ್ಟವೇನಿಲ್ಲ. ಗ್ರಂಥಿ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡಲು ಟೆಕ್ನೀಶಿಯಂ ಎಂಬ ವಿಕಿರಣ ವಸ್ತು ಚುಚ್ಚಿ ಗಾಮಾ ಕ್ಯಾಮೆರಾದಡಿ ಕೂರಿಸುವ ಪರೀಕ್ಷೆಯೂ ಇದೆ. ಗ್ರಂಥಿ ಅದನ್ನು ಹೀರಿಕೊಳ್ಳುವುದು, ನಿಂಬೆರಸ ಕೊಟ್ಟಾಗ ಹೊರಹಾಕುವುದು ಎರಡೂ ಕಾಣುತ್ತದೆ. ಬಟ್ಟಲಿನ ಲೆಕ್ಕ ಸಿಕ್ಕ ಮೇಲೆ ಇದರ ಅಗತ್ಯ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಶೋಗ್ರೆನ್ ಖಚಿತವಾದರೆ ಒಂದು ವಿಷಯ ಮಾತ್ರ ಮನಸ್ಸಿನಲ್ಲಿರಲಿ. ಕೆನ್ನೆಯ ಗ್ರಂಥಿ, ವಿಶೇಷವಾಗಿ ಒಂದೇ ಬದಿಯದ್ದು, ಊದಿ ವಾರಗಟ್ಟಲೆ ಇಳಿಯದೆ ಗಟ್ಟಿಯಾಗುತ್ತ ಹೋದರೆ ಕಾಯುತ್ತ ಕೂರಬೇಡಿ. ಈ ಕಾಯಿಲೆಯವರಿಗೆ ಗ್ರಂಥಿಯಲ್ಲಿ ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಆಗ ಅವರಿಗೆ ಬೇಕಾಗುವುದು, ನಿಮಗೆ ನಾನು ಬೇಡವೆಂದ ಆ ಎಂ.ಆರ್.ಐ.ಯೇ, ಜೊತೆಗೆ ಒಂದು ಬಯಾಪ್ಸಿ.